ರಕ್ತ ತಪಾಸಣೆಗೆ ನೀರು ಕುಡಿದು ಬರ್ರಿ

ರಾಯಚೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಮುಂಜಾನೆ ಎಂದರೆ ನನಗೆ ರಕ್ತ ತೆಗೆಯುವ ಹೊತ್ತು. ಮಾನ್ವಿ, ದೇವದುರ್ಗ ಕಡೆಯಿಂದ ಮೊದಲ ಬಸ್ಸಿಗೆ ಬಂದವರು ನಾವು ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಾರೆ. "ಖಾಲಿ ಹೊಟ್ಟೇಲಿ ಹೋಗ್ರಿ" ಎಂದು ಡಾಕ್ಟರು ಹೇಳಿದ್ದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದರೆ, ರಾತ್ರಿ ಉಂಡಮೇಲೆ ಒಂದು ಗುಟುಕು ನೀರೂ ಮುಟ್ಟಿರುವುದಿಲ್ಲ. ಅತ್ತ ಕೃಷ್ಣಾ, ಇತ್ತ ತುಂಗಭದ್ರಾ, ನಡುವೆ ತುಟಿ ಒಣಗಿಸಿಕೊಂಡ ನನ್ನ ಪೇಷಂಟು.

ಖಾಲಿ ಹೊಟ್ಟೆ ಎಂದರೆ 8ರಿಂದ 12 ತಾಸು ಊಟ-ತಿಂಡಿ ಇಲ್ಲದಿರುವುದು. ನೀರಿಗೆ ಅಡ್ಡಿಯಿಲ್ಲ, ನೀರಿನಿಂದ ಶುಗರ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಿಸಿಲು 42 ಡಿಗ್ರಿ ದಾಟುವ ನಮ್ಮ ಊರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರಿಲ್ಲದೆ ಬಂದವರ ನರ, ಅಂದರೆ ರಕ್ತನಾಳ, ಒಳಗೆ ಸೇರಿಕೊಂಡುಬಿಡುತ್ತದೆ. ಆಗ ಎರಡೆರಡು ಸಲ ಚುಚ್ಚಬೇಕಾಗುತ್ತದೆ, ಬೈಗುಳ ನನಗೆ ಬರುತ್ತದೆ. ಅಂಥವರನ್ನು ನಾನು ಮೊದಲು ಕೂಡಿಸಿ, ದೊಡ್ಡ ಲೋಟ ನೀರು ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಕರೆಯುತ್ತೇನೆ. ಚಳಿಗಾಲವಾದರೆ ಕೈಯನ್ನು ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿಡಲು ಹೇಳುತ್ತೇನೆ.

ಚಹಾದ ವಿಷಯ ಬೇರೆ.

"ಏನಾದ್ರೂ ತಿಂದೀರೇನಮ್ಮಾ?"

"ಇಲ್ಲಪ್ಪ, ಏನೂ ತಿಂದಿಲ್ಲ."

"ಚಾ?"

"ಚಾ ಕುಡದೀನಿ. ಚಾ ಏನ್ ತಿಂಡೀನಾ?"

ಹಾಲು-ಸಕ್ಕರೆ ಹಾಕಿದ ಚಹಾ ಶುಗರನ್ನೂ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನೂ ಏರುಪೇರು ಮಾಡುತ್ತದೆ. ಕುಡಿದಿದ್ದರೆ ಕುಡಿದಿದ್ದೇನೆ ಎನ್ನಿ, ಯಾರೂ ಬೈಯುವುದಿಲ್ಲ. ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಎಣಿಸುವ ಸಿಬಿಸಿಗೆ ಉಪವಾಸ ಬೇಕಿಲ್ಲ. ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿಗೂ ಬೇಕಿಲ್ಲ. ಅವನ್ನು ಅವತ್ತೇ ತೆಗೆದು ಶುಗರ್ ಮಾತ್ರ ಇನ್ನೊಂದು ದಿನಕ್ಕೆ ಇಡಬಹುದು. ಸುಳ್ಳು ಹೇಳಿದರೆ ಆ ಚಹಾಕ್ಕೂ ಸೇರಿಸಿ ಡಾಕ್ಟರು ಮಾತ್ರೆ ಬರೆಯುತ್ತಾರೆ.

ಊಟದ ನಂತರದ ಶುಗರ್‌ಗೆ 2 ತಾಸು ಎಂದರೆ ಮೊದಲ ತುತ್ತಿನಿಂದ ಲೆಕ್ಕ, ಕೈ ತೊಳೆದಮೇಲಿಂದ ಅಲ್ಲ. ಅವತ್ತು ದಿನಾ ತಿನ್ನುವಷ್ಟೇ ತಿನ್ನಬೇಕು. ರಿಪೋರ್ಟು ಚೆನ್ನಾಗಿ ಬರಲಿ ಎಂದು ಒಂದೇ ಇಡ್ಲಿ ತಿಂದು ಬರುವವರನ್ನು ಕಂಡಿದ್ದೇನೆ. ಹಿಂದಿನ ಒಂದು ವಾರ ಸಿಹಿ ಬಿಟ್ಟು ಬರುವವರೂ ಇದ್ದಾರೆ. ಇವರ ಆಟ ಎಚ್‌ಬಿಎ1ಸಿ ಮುಂದೆ ನಡೆಯದು. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಅಂಟಿಕೊಂಡ ಸಕ್ಕರೆಯ ಲೆಕ್ಕ ಅದರ ಮೈಮೇಲೇ ಇರುತ್ತದೆ. ರಕ್ತಹೀನತೆ ಇದ್ದರೆ ಈ ಅಂಕಿಯೂ ದಾರಿ ತಪ್ಪಿಸಬಹುದು, ಡಾಕ್ಟರಿಗೆ ಅದನ್ನು ನೆನಪಿಸಿ.

ಮಾತ್ರೆಗಳನ್ನೂ ಹೇಳಿ. ಶುಗರ್, ಥೈರಾಯ್ಡ್ ಮಾತ್ರೆಯನ್ನು ಅವತ್ತು ಯಾವಾಗ ನುಂಗಬೇಕೆಂದು ಬರೆದುಕೊಟ್ಟ ಡಾಕ್ಟರನ್ನೇ ಹಿಂದಿನ ದಿನ ಕೇಳಿಕೊಳ್ಳಿ. ಕೂದಲು ಉದುರುತ್ತದೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಕೂಡ ಥೈರಾಯ್ಡ್ ಅಂಕಿಯನ್ನು ಕೆಡಿಸಬಲ್ಲದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೂಜಿಗೆ ಮೊದಲೇ ತಿಳಿಸಿ. ಡಯಾಲಿಸಿಸ್‌ಗೆ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿಸಿದ ಕೈ ಇದ್ದರೆ ಆ ಕೈ ಮುಂದೆ ಚಾಚಲೇಬೇಡಿ.

ಇನ್ನು ಚುಚ್ಚುವ ಕೆಲಸ. ಮೊಣಕೈ ಮಡಿಕೆಗಿಂತ ನಾಲ್ಕು ಬೆರಳು ಮೇಲೆ ರಬ್ಬರ್ ಪಟ್ಟಿ ಕಟ್ಟುತ್ತೇನೆ. ನರವನ್ನು ನಾನು ಹೆಚ್ಚಾಗಿ ಕಣ್ಣಿಂದ ಹುಡುಕುವುದಿಲ್ಲ, ತೋರುಬೆರಳಿಂದ ಹುಡುಕುತ್ತೇನೆ. ನೀರು ತುಂಬಿದ ರಬ್ಬರ್ ಪೈಪು ಒತ್ತಿದ ಹಾಗೆ ಮೆತ್ತಗೆ ಪುಟಿದರೆ ಅದೇ ನರ. ಬಡಿದುಕೊಂಡರೆ ಹೃದಯದಿಂದ ರಕ್ತ ತರುವ ಧಮನಿ, ಅತ್ತ ಹೋಗಬಾರದು. ಗಟ್ಟಿ ಹುರಿಯಂತೆ ನಿಂತರೆ ಸ್ನಾಯುವಿನ ಎಳೆ. ಮೇಲೆ ನೀಲಿಯಾಗಿ ಎದ್ದು ಕಾಣುವ ಗೆರೆಯನ್ನು ತೋರಿಸಿ "ಇಲ್ಲೇ ಐತಲ್ರಿ" ಎನ್ನುತ್ತಾರೆ ಪೇಷಂಟು. ಅದು ಎಷ್ಟೋ ಸಲ ಸಣ್ಣದು, ಸೂಜಿ ತಗುಲುತ್ತಲೇ ಜಾರುತ್ತದೆ. ನಡುವೆ ಆಳದಲ್ಲಿ ಕಾಣದೆ ಕೂತಿರುವುದೇ ನಂಬಿಕಸ್ತ.

ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿರಬಾರದು. ಮುಷ್ಟಿ ಮೆಲ್ಲಗೆ ಹಿಡಿದರೆ ಸಾಕು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಪೊಟ್ಯಾಶಿಯಂ ಸುಳ್ಳೇ ಏರುತ್ತದೆ. ಸ್ಪಿರಿಟ್ ಒರೆಸಿದ ಜಾಗ ಒಣಗಲು ಬಿಡುತ್ತೇನೆ. ಹಸಿ ಇರುವಾಗಲೇ ಚುಚ್ಚಿದರೆ ಉರಿ ಹೆಚ್ಚು, ಪೇಷಂಟು ಸೂಜಿಯನ್ನು ಬೈಯುತ್ತಾರೆ. ಸೂಜಿಯ ನೋವು ಚುರುಕ್ ಎಂದು ಎರಡು ಕ್ಷಣದಲ್ಲಿ ಹೋಗಬೇಕು. ಕರೆಂಟ್ ಹೊಡೆದ ಹಾಗೆ ಬೆರಳ ತುದಿಯವರೆಗೂ ಝುಮ್ಮೆಂದರೆ ಹಲ್ಲು ಕಚ್ಚಿ ಸಹಿಸಬೇಡಿ, ಕೂಗಿ ಹೇಳಿ, ನಾವು ತಕ್ಷಣ ಸೂಜಿ ಹೊರಗೆ ತೆಗೆಯಬೇಕು. ಎರಡು ಸಲವೂ ಸಿಗದಿದ್ದರೆ "ಬೇರೆಯವರನ್ನ ಕರೀರಿ" ಎನ್ನುವ ಹಕ್ಕು ನಿಮಗಿದೆ.

"ಇರೋದೇ ಎರಡು ಹನಿ ರಗತ, ಅದನ್ನೂ ಎಳಕೊಂತೀರಲ್ಲ" ಎನ್ನುತ್ತಾರೆ ಅಜ್ಜಿಯರು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ಇದೆ. ಒಂದು ಟ್ಯೂಬಿಗೆ ಹೋಗುವುದು 2ರಿಂದ 5 ಮಿಲಿ. ಟ್ಯೂಬಿನ ಮುಚ್ಚಳ ಬೇರೆ ಬೇರೆ ಬಣ್ಣದಲ್ಲಿರುವುದು ಚಂದಕ್ಕಲ್ಲ. ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ, ಸಿಬಿಸಿ ಅದರಲ್ಲಿ. ಕೆಂಪು ಅಥವಾ ಹಳದಿಯಲ್ಲಿ ಹೆಪ್ಪುಗಟ್ಟಿಸಿ ಮೇಲಿನ ತಿಳಿ ತೆಗೆಯುತ್ತೇವೆ. ಬೂದು ಮುಚ್ಚಳದ್ದು ಶುಗರ್‌ಗೆ. ಮೈಯಿಂದ ಹೊರಬಂದಮೇಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸುಮ್ಮನೆ ಇಟ್ಟರೆ ತಾಸಿಗೆ ಸುಮಾರು 5ರಿಂದ 7 ಶೇಕಡಾ ಕಡಿಮೆಯಾಗುತ್ತದೆ. ಅದನ್ನು ತಡೆಯಲು ಅದರಲ್ಲಿ ಫ್ಲೋರೈಡ್. ತಿಳಿ ನೀಲಿಯದು ಹೆಪ್ಪುಗಟ್ಟುವ ಸಮಯ ಅಳೆಯಲು, ಅದನ್ನು ಗೆರೆಯವರೆಗೆ ತುಂಬಿಸಲೇಬೇಕು.

ಹೆದರಿಕೆ ಇದ್ದರೆ ಬಾಯಿಬಿಟ್ಟು ಹೇಳಿ. ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲ ಒಬ್ಬರು ಸೂಜಿ ನೋಡುತ್ತಲೇ ಬೆವೆತು ಬಿಳಿಚಿಕೊಂಡಿದ್ದರು. "ಅಣ್ಣಾ, ಮಕ್ಕೊಳ್ರಿ" ಎಂದು ಮಂಚದ ಮೇಲೆ ಮಲಗಿಸಿಯೇ ತೆಗೆದೆ. ಮೈಶಕ್ತಿಗೂ ಇದಕ್ಕೂ ಸಂಬಂಧವಿಲ್ಲ, ನಾಡಿ ಮತ್ತು ಬಿಪಿ ಒಮ್ಮೆಲೇ ಇಳಿಯುವುದರಿಂದ ಹೀಗಾಗುತ್ತದೆ. ಮಲಗಿದವರು ಬೀಳುವುದಿಲ್ಲ. ಮಕ್ಕಳಿಗೆ "ನೋವೇ ಆಗಂಗಿಲ್ಲ" ಎಂದು ಮಾತ್ರ ಹೇಳಬೇಡಿ, ಮುಂದಿನ ಸಲ ಅವು ನಿಮ್ಮನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ.

ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಟ್ಯೂಬಿನ ಮೇಲೆ ನಿಮ್ಮ ಹೆಸರು, ವಯಸ್ಸು ಅಲ್ಲೇ ಬರೆಯಬೇಕು. ನಮ್ಮ ಕಡೆ ಒಂದೇ ಮುಂಜಾನೆ ಇಬ್ಬರು ಹುಲಿಗೆಮ್ಮ ಬರುವುದು ಹೊಸದೇನಲ್ಲ. ಅದಕ್ಕೇ "ಹೆಸರು ಏನ್ರಿ, ಯಾವ ಊರ್ರಿ" ಎಂದು ಮತ್ತೆ ಮತ್ತೆ ಕೇಳುತ್ತೇವೆ, ಬೇಸರಪಡಬೇಡಿ.

ಹತ್ತಿ ಇಟ್ಟಮೇಲೆ ಎಲ್ಲರೂ ಮೊಣಕೈ ಮಡಚುತ್ತಾರೆ. ಮಡಚಬೇಡಿ. ಕೈ ನೆಟ್ಟಗಿಟ್ಟು, ಉಜ್ಜದೆ, ಮೂರರಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ರಕ್ತ ತೆಳುವಾಗುವ ಮಾತ್ರೆಯವರು ಇನ್ನೂ ಹೆಚ್ಚು ಹೊತ್ತು. ಆ ಕೈಯಲ್ಲಿ ಅವತ್ತು ತುಂಬಿದ ಕೊಡ ಎತ್ತಬೇಡಿ. ನೀಲಿಗಟ್ಟಿದರೆ ಒಂದೆರಡು ವಾರದಲ್ಲಿ ಹೋಗುತ್ತದೆ. ಊತ, ನೋವು ಹೆಚ್ಚುತ್ತಾ ಹೋದರೆ ಡಾಕ್ಟರಿಗೆ ತೋರಿಸಿ.

ಸಿಬಿಸಿ, ಶುಗರ್ ಸಾಮಾನ್ಯವಾಗಿ ಅವತ್ತೇ ಸಿಗುತ್ತವೆ, ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಕೆಲವು ದಿನ ಬೇಕು. ರಿಪೋರ್ಟಿನಲ್ಲಿ ದಪ್ಪ ಅಕ್ಷರ ಕಂಡ ಕೂಡಲೇ ಮೊಬೈಲ್‌ನಲ್ಲಿ ರೋಗ ಹುಡುಕಲು ಕೂರಬೇಡಿ. ನಾರ್ಮಲ್ ಮಿತಿ ಲ್ಯಾಬಿನಿಂದ ಲ್ಯಾಬಿಗೆ ತುಸು ಬೇರೆ ಇರುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಹಳೇ ರಿಪೋರ್ಟುಗಳನ್ನೂ ಒಯ್ಯಿರಿ, ಪದೇಪದೇ ಮಾಡಿಸುವ ತಪಾಸಣೆಯನ್ನು ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ.