ಕರೆಯದೆ ಬಂದವರನ್ನು ಜೂಮ್ ಬಾಗಿಲಲ್ಲೇ ನಿಲ್ಲಿಸುವುದು ಹೇಗೆ

ಮಳೆಗಾಲ ಶುರುವಾದರೆ ನಮ್ಮ ಕಾಫಿ ಬೆಳೆಗಾರರ ಗುಂಪು ಭಾನುವಾರ ಸಂಜೆ ಜೂಮ್‌ನಲ್ಲೇ ಸೇರುತ್ತದೆ. ಹೆತ್ತೂರು, ಯಸಳೂರು ಕಡೆಯವರು ಆ ಮಳೆಯಲ್ಲಿ ಸಕಲೇಶಪುರಕ್ಕೆ ಬಂದು ಹೋಗುವಷ್ಟರಲ್ಲಿ ದಿನವೇ ಮುಗಿದಿರುತ್ತದೆ. ಮೀಟಿಂಗ್ ನಡೆಸುವ ಕೆಲಸ ನನ್ನ ತಲೆಗೆ ಬಂತು. ನಾನು ಜಾಸ್ತಿ ತಿಳಿದವನು ಅಂತಲ್ಲ, ನಮ್ಮ ಮನೆಯಲ್ಲಿ ಯುಪಿಎಸ್ ಇದೆ, ಅಷ್ಟೇ.

ಹೋದ ವರ್ಷ ಜುಲೈನಲ್ಲಿ ಹಾನುಬಾಳಿನ ಹಿರಿಯರೊಬ್ಬರು ಮೆಣಸಿನ ಬಳ್ಳಿಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವುದನ್ನು ಹೇಳುತ್ತಿದ್ದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಅಷ್ಟು ಹೇಳುವಷ್ಟರಲ್ಲಿ ಅವರ ಮುಖ ಹೋಗಿ ಸ್ಕ್ರೀನ್ ತುಂಬ ಹೊಲಸು ವಿಡಿಯೋ. ಜೊತೆಗೆ ಕಿವಿ ಹರಿಯುವ ಹಾಡು. ಗಾಬರಿಯಲ್ಲಿ ಒಬ್ಬನನ್ನು ತೆಗೆದೆ, ಇನ್ನೊಬ್ಬ ಶುರು ಮಾಡಿದ. ಅವನನ್ನೂ ತೆಗೆದೆ, ಮೂರನೆಯವನು ಬಂದ. ಒಳಗಿಂದ ಅಮ್ಮ "ಏನೋ ಅದು ಸದ್ದು?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಕೊನೆಗೆ ಮೀಟಿಂಗನ್ನೇ ಮುಚ್ಚಿದೆ.

ಆಮೇಲೆ ಗೊತ್ತಾಯಿತು, ನಮ್ಮವರೇ ಒಬ್ಬರು ನಾಲ್ಕು ಜನಕ್ಕೆ ಅನುಕೂಲ ಆಗಲಿ ಅಂತ ಲಿಂಕನ್ನು ಫೇಸ್‌ಬುಕ್‌ಗೆ ಹಾಕಿದ್ದರು. "ಪಾಸ್‌ವರ್ಡ್ ಇತ್ತಲ್ಲ?" ಅಂತ ಎಲ್ಲರೂ ಕೇಳಿದರು. ಇತ್ತು. ಆದರೆ ಜೂಮ್ ಲಿಂಕನ್ನು ಒಮ್ಮೆ ಸರಿಯಾಗಿ ನೋಡಿ. ಮೀಟಿಂಗ್ ನಂಬರ್ ಆದಮೇಲೆ ಪಿಡಬ್ಲ್ಯೂಡಿ ಅಂತ ಮೂರು ಅಕ್ಷರ, ಅದರ ಹಿಂದೆ ಒಂದು ಉದ್ದ ಬಾಲ ಇರುತ್ತದೆ. ಲೋಕೋಪಯೋಗಿ ಇಲಾಖೆ ಅಲ್ಲ, ಪಾಸ್‌ವರ್ಡ್! ಲಿಂಕ್ ಒತ್ತಿದವನಿಗೆ ಅದನ್ನು ಯಾರೂ ಕೇಳುವುದೇ ಇಲ್ಲ. ಸುಮ್ನೆ ನಂಬರ್ ಊಹಿಸಿ ಬರುವವರನ್ನು ಅದು ತಡೆಯುತ್ತದೆ, ಲಿಂಕ್ ಸಿಕ್ಕವರನ್ನಲ್ಲ. ಪಾಸ್‌ವರ್ಡ್ ಲಿಂಕಿನೊಳಗೆ ಸೇರದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಕೊಳ್ಳಬಹುದು. ನಾನು ಮಾಡಿಲ್ಲ. ನಮ್ಮಲ್ಲಿ ಎಪ್ಪತ್ತು ದಾಟಿದವರಿದ್ದಾರೆ, ಅವರಿಗೆ ಪ್ರತಿ ವಾರ ಪಾಸ್‌ವರ್ಡ್ ಒತ್ತಿಸುವುದು ನನ್ನ ಕೈಲಾಗದ ಕೆಲಸ.

ಅದಕ್ಕೇ ನಾನು ನಂಬಿರುವುದು ವೇಟಿಂಗ್ ರೂಮನ್ನು. ಬಂದವರೆಲ್ಲ ಜಗಲಿಯಲ್ಲಿ ಕೂರುತ್ತಾರೆ, ನೀವು ಕರೆದಾಗ ಒಳಗೆ ಬರುತ್ತಾರೆ. ಮೀಟಿಂಗ್ ಶೆಡ್ಯೂಲ್ ಮಾಡುವಾಗಲೇ ಇದನ್ನು ಆನ್ ಮಾಡಿ. ಅಲ್ಲೇ ಪರ್ಸನಲ್ ಮೀಟಿಂಗ್ ಐಡಿ ಅಂತ ಒಂದು ಕಾಣುತ್ತದೆ, ಅದನ್ನು ಆರಿಸಬೇಡಿ. ಆ ನಂಬರ್ ತಾನಾಗಿ ಬದಲಾಗದು. ಒಮ್ಮೆ ಸಿಕ್ಕವನು ಮುಂದಿನ ವಾರವೂ ಬಂದು ನಿಲ್ಲುತ್ತಾನೆ. ಪ್ರತಿ ಸಲ ಹೊಸ ನಂಬರ್ ಹುಟ್ಟುವ ಆಯ್ಕೆ ಇಟ್ಟುಕೊಳ್ಳಿ.

ಎಲ್ಲರೂ ಬಂದಮೇಲೆ ಮೀಟಿಂಗ್ ಲಾಕ್ ಮಾಡಿ ಅಂತ ತುಂಬ ಜನ ಹೇಳುತ್ತಾರೆ. ಬೆಂಗಳೂರಿನವರಿಗೆ ಸರಿ ಇರಬಹುದು. ನಮ್ಮ ಕಡೆ ಮಳೆ ಜೋರಾದರೆ ಅರ್ಧ ಗಂಟೆಯಲ್ಲಿ ಒಬ್ಬೊಬ್ಬರು ನೆಟ್ ಹೋಗಿ ಮೂರು ಸಲ ಬಿದ್ದು ಮೂರು ಸಲ ಬರುತ್ತಾರೆ. ಲಾಕ್ ಮಾಡಿದರೆ ಬಿದ್ದವರು ಹೊರಗೇ. ಹಾಗಾಗಿ ಲಾಕ್ ಬೇಡ, ಬಾಗಿಲು ಕಾಯಲು ಇನ್ನೊಬ್ಬರನ್ನು ಕೋ-ಹೋಸ್ಟ್ ಮಾಡಿ. ಅದಕ್ಕೆ ದುಡ್ಡು ಕಟ್ಟಿದ ಖಾತೆ ಬೇಕು. ನಾವು ಎಲ್ಲರೂ ದುಡ್ಡು ಹಾಕಿ ತಗೊಂಡಿದ್ದೇವೆ, ಯಸಳೂರಿನ ಒಬ್ಬ ಹುಡುಗ ನನ್ನ ಜೊತೆ ಕೋ-ಹೋಸ್ಟ್.

ವೇಟಿಂಗ್ ರೂಮಿನಲ್ಲಿ ಒಂದೇ ತಲೆನೋವು, ಹೆಸರು. ರೆಡ್ಮಿ, ಗ್ಯಾಲಕ್ಸಿ, ಐಫೋನ್ ಅಂತ ಸಾಲಾಗಿ ಕೂತಿರುತ್ತಾರೆ. ಅದರಲ್ಲಿ ನಮ್ಮವರು ಯಾರು, ಕಳ್ಳ ಯಾರು? ನಾವು ಒಂದು ಕಟ್ಟಳೆ ಮಾಡಿದೆವು. ಮೊದಲು ಊರು, ಆಮೇಲೆ ಹೆಸರು. ಹಾಗಿಲ್ಲದಿದ್ದರೆ ಕಾಯಲಿ. ಒಂದೆರಡು ವಾರ ಎಲ್ಲರೂ ಬೈದರು, ಮೂರನೇ ವಾರ ಸರಿಯಾಯಿತು.

ಮೀಟಿಂಗ್ ಶುರುವಾದ ಕೂಡಲೇ ಗುರಾಣಿ ಗುರುತಿನ ಗುಂಡಿ ಒತ್ತಿ. ಹಳೆಯ ಆಪ್‌ನಲ್ಲಿ ಅದಕ್ಕೆ ಸೆಕ್ಯುರಿಟಿ ಅಂತ ಹೆಸರು, ಹೊಸದರಲ್ಲಿ ಹೋಸ್ಟ್ ಟೂಲ್ಸ್. ಅಲ್ಲಿ ಬೇರೆಯವರು ಸ್ಕ್ರೀನ್ ಶೇರ್ ಮಾಡುವುದು, ಹೆಸರು ಬದಲಿಸುವುದು ಎರಡನ್ನೂ ಆಫ್ ಮಾಡಿ. ಯಾರಾದರೂ ರೋಗ ಬಂದ ಎಲೆಯ ಫೋಟೋ ತೋರಿಸಬೇಕಾದರೆ ಆಗ ಬಿಟ್ಟರಾಯಿತು.

ಇಷ್ಟೆಲ್ಲ ಮಾಡಿಯೂ ಒಬ್ಬ ನುಗ್ಗಿದ ಅಂತ ಇಟ್ಟುಕೊಳ್ಳಿ. ನನ್ನ ಹಾಗೆ ಒಬ್ಬೊಬ್ಬರನ್ನೇ ಹುಡುಕುತ್ತಾ ಕೂರಬೇಡಿ. ಅದೇ ಗುಂಡಿಯ ಪಟ್ಟಿಯಲ್ಲಿ ಕೆಳಗೆ ಕೆಂಪು ಅಕ್ಷರದಲ್ಲಿ 'ಸಸ್ಪೆಂಡ್ ಪಾರ್ಟಿಸಿಪೆಂಟ್ ಆಕ್ಟಿವಿಟೀಸ್' ಅಂತ ಇದೆ. ಒತ್ತಿದರೆ ಎಲ್ಲರ ವಿಡಿಯೋ, ಧ್ವನಿ, ಚಾಟ್, ಸ್ಕ್ರೀನ್ ಶೇರ್ ಒಂದೇ ಏಟಿಗೆ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಕಳ್ಳನನ್ನು ತೆಗೆದು, ಒಂದೊಂದನ್ನೇ ವಾಪಸ್ ಶುರು ಮಾಡಿ. ಇದು 2020ರಲ್ಲೇ ಬಂದಿತ್ತಂತೆ, ನನಗೆ ಗೊತ್ತಾಗಿದ್ದು ಮಾನ ಹೋದಮೇಲೆ. ನೀವು ಹೊರಗೆ ಹಾಕಿದವರಿಗೆ ಆ ಮೀಟಿಂಗಿಗೆ ಮತ್ತೆ ಬರಲಾಗುವುದಿಲ್ಲ, ನೀವು ಸೆಟ್ಟಿಂಗ್ ಬದಲಿಸಿರದಿದ್ದರೆ. ಅನುಮಾನ ಇದ್ದರೆ ತೆಗೆಯುವ ಬದಲು ವೇಟಿಂಗ್ ರೂಮಿಗೆ ಕಳಿಸಿ. ನಾನು ತಪ್ಪಿ ನಮ್ಮ ಪಕ್ಕದ ತೋಟದವರನ್ನೇ ತೆಗೆದು, ಒಂದು ವಾರ ಅವರ ಮುಖ ನೋಡಲು ಆಗಲಿಲ್ಲ.

ಮೀಟಿಂಗ್ ಫೋಟೋ ಹಾಕುವ ಚಟ ಇರುವವರು ಮೀಟಿಂಗ್ ನಂಬರ್ ಎಲ್ಲಾದರೂ ಕಾಣುತ್ತಿದ್ದರೆ ಅದನ್ನು ಕತ್ತರಿಸಿ ಹಾಕಿ. 2020ರ ಮಾರ್ಚ್‌ನಲ್ಲಿ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಸಂಪುಟ ಸಭೆಯ ಫೋಟೋ ಟ್ವೀಟ್ ಮಾಡಿದಾಗ ಅದರಲ್ಲಿ ಮೀಟಿಂಗ್ ನಂಬರ್ ಹಾಗೇ ಕಾಣುತ್ತಿತ್ತು. ಇನ್ನು ಗೂಗಲ್ ಮೀಟ್ ಬಳಸುವವರು ಹೋಸ್ಟ್ ಕಂಟ್ರೋಲ್ಸ್‌ಗೆ ಹೋಗಿ ಪ್ರವೇಶ 'ಓಪನ್' ಆಗಿಲ್ಲ ಅಂತ ನೋಡಿಕೊಂಡರೆ, ಕರೆಯದವರು ಕೇಳಿಯೇ ಒಳಗೆ ಬರಬೇಕಾಗುತ್ತದೆ.

ಎಲ್ಲ ಸರಿ ಮಾಡಿದಮೇಲೆ ಒಮ್ಮೆ ನೀವೇ ಕಳ್ಳನಾಗಿ ನೋಡಿ. ನಾನು ಹೆಂಡತಿಯ ಫೋನ್ ತಗೊಂಡು, ಹಾನುಬಾಳಿನ ಆ ಹಿರಿಯರ ಹೆಸರು ಹಾಕಿಕೊಂಡು ಜಗಲಿಯಲ್ಲಿ ಕೂತೆ. ಅವರು ಆಗಲೇ ಒಳಗಿದ್ದರು. ಯಸಳೂರಿನ ಹುಡುಗ ನನ್ನನ್ನೂ ಸರಕ್ಕನೆ ಒಳಗೆ ಬಿಟ್ಟ. ಈಗ ಒಂದೇ ಹೆಸರು ಎರಡು ಸಲ ಕಂಡರೆ ಮೊದಲು ಫೋನ್ ಹಚ್ಚುತ್ತಾನೆ, "ಮಾವ, ನೀವೇನಾ ಹೊರಗೆ ಕೂತಿರೋದು?"