ಚಳ್ಳಕೆರೆ ಸೀಮೆಯಲ್ಲಿ ಹತ್ತು ಕುರಿಗಳಿಂದ ಆರಂಭ

ಚಳ್ಳಕೆರೆ, ಹಿರಿಯೂರಿನಂತಹ ಕಡಿಮೆ ಮಳೆಯ ಸೀಮೆಯಲ್ಲಿ ಹೊಸದಾಗಿ ಪಶುಪಾಲನೆಗೆ ಇಳಿಯುವವರು ಹಸುವಿಗಿಂತ ಮೊದಲು ಕುರಿಯ ಬಗ್ಗೆ ಯೋಚಿಸುವುದು ಒಳಿತು. ಈ ಭಾಗದ ಕಂಬಳಿಗೆ ಉಣ್ಣೆ ಕೊಡುವ ದಖನಿ ತಳಿ ಒಣಹವೆಗೆ ಒಗ್ಗಿಕೊಂಡಿದೆ. ಆದರೆ ಕುರಿಗಿಂತ ಮೊದಲು ಮೇವು ಸಿದ್ಧವಿರಬೇಕು. ಬದುವಿನ ಮೇಲೆ ಅಗಸೆ ಮರ, ನುಗ್ಗೆ ಬೆಳೆಸಿ, ಶೇಂಗಾ ಕಿತ್ತ ಮೇಲೆ ಉಳಿಯುವ ಬಳ್ಳಿಯನ್ನು ಮಳೆಗೆ ನೆನೆಯದಂತೆ ಬಣವೆ ಒಟ್ಟಿಕೊಂಡರೆ ಬೇಸಿಗೆ ಸಾಗುತ್ತದೆ. ಬೂಷ್ಟು ಹಿಡಿದ ಬಳ್ಳಿಯನ್ನು ಮಾತ್ರ ಹಾಕಲೇಬಾರದು.

ಹತ್ತು ಹೆಣ್ಣು ಕುರಿ, ಬೇರೆ ಹಿಂಡಿನಿಂದ ತಂದ ಒಂದು ಟಗರು ಆರಂಭಕ್ಕೆ ಸಾಕು. ಸಂತೆಯಲ್ಲಿ ಮಾರುವವರ ಮಾತಿಗಿಂತ ಕುರಿಯ ಬಾಯಿಯನ್ನೇ ನಂಬುವುದು ಲೇಸು: ಕೆಳದವಡೆಯ ಮುಂಭಾಗದಲ್ಲಿ ಎರಡು ಅಥವಾ ನಾಲ್ಕು ಅಗಲವಾದ ಹಲ್ಲು ಮೂಡಿದ್ದರೆ ಅದು ಪ್ರಾಯದ ಕುರಿ. ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಸರಿಸಿದಾಗ ಒಳಭಾಗ ಕೆಂಪಗಿರದೆ ಬಿಳಿಚಿಕೊಂಡಿದ್ದರೆ, ರಕ್ತ ಹೀರುವ ಜಂತುಹುಳುವಿನ ಬಾಧೆ ಇರಬಹುದೆಂದು ತಿಳಿದು ಅಂಥದ್ದನ್ನು ಬಿಟ್ಟುಬಿಡಬೇಕು.

ರೊಪ್ಪ ನೀರು ನಿಲ್ಲದ ಎತ್ತರದಲ್ಲಿರಲಿ. ಒಂದು ಕುರಿಗೆ ಸುಮಾರು 10 ಚದರ ಅಡಿ ಜಾಗ ಬೇಕು. ಮುಂಗಾರಿಗೆ ಮುನ್ನ ಪಶುವೈದ್ಯರಿಂದ ಕರುಳುಬೇನೆಯ ಲಸಿಕೆ ಹಾಕಿಸಬೇಕು, ಏಕೆಂದರೆ ಮಳೆ ಬಿದ್ದು ಎಳೆಹುಲ್ಲು ಚಿಗುರಿದಾಗಲೇ ಹಸಿದ ಕುರಿ ಅತಿಯಾಗಿ ಮೇಯ್ದು ಆ ರೋಗಕ್ಕೆ ಬಲಿಯಾಗುತ್ತದೆ. ಗಬ್ಬದ ಅವಧಿ ಸುಮಾರು 5 ತಿಂಗಳು. ಕೊನೆಯ ಒಂದೂವರೆ ತಿಂಗಳು ಮೇವಿನ ಜೊತೆಗೆ ಸ್ವಲ್ಪ ಹಿಂಡಿ ಕೊಡಿ. ಗುಡಿಸಿದ ಹಿಕ್ಕೆ ಅದೇ ಅಗಸೆಯ ಬುಡಕ್ಕೆ ಗೊಬ್ಬರವಾಗುತ್ತದೆ.