ಕೊಡ್ತೀನಿ ಅಂದ್ರೂ ಕೊಡೋಕಾಗದ ಕೀಲಿ

ಮಂಡ್ಯದ ವಿದ್ಯಾನಗರದಲ್ಲಿ ನನ್ನದೊಂದು ಪುಟ್ಟ ಆಫೀಸಿದೆ. ಆಲೆಮನೆಯವರು, ಅಂಗಡಿಯವರು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸಕ್ಕೆ ಬರುತ್ತಾರೆ. ಬಂದವರಿಗೆಲ್ಲ "ಓಟಿಪಿ ಯಾರಿಗೂ ಹೇಳ್ಬೇಡಿ ಕಣಣ್ಣ" ಎಂದು ಬುದ್ಧಿ ಹೇಳುವವನು ನಾನು. ಹೋದ ವರ್ಷ ಮಾರ್ಚ್‌ನಲ್ಲಿ ನನ್ನ ಓಟಿಪಿಯನ್ನು ನಾನೇ ಕಳ್ಳರಿಗೆ ಕೊಟ್ಟೆ.

ಮಾರ್ಚ್ ಕೊನೆ ಅಂದರೆ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಮೇಲ್‌ಬಾಕ್ಸ್ ತುಂಬಿದೆ, ಈಗಲೇ ಲಾಗಿನ್ ಆಗಿ ಎಂದು ಒಂದು ಮೇಲ್ ಬಂತು. ಒತ್ತಿದೆ. ಥೇಟ್ ಜಿಮೇಲ್ ಪುಟವೇ. ಪಾಸ್‌ವರ್ಡ್ ಹಾಕಿದೆ, ಫೋನಿಗೆ ಬಂದ ಓಟಿಪಿಯನ್ನೂ ಹಾಕಿದೆ. ಎರಡೇ ನಿಮಿಷಕ್ಕೆ, ಬೇರೆ ಯಾವುದೋ ಕಂಪ್ಯೂಟರಿನಲ್ಲಿ ಲಾಗಿನ್ ಆಗಿದೆ ಎಂಬ ಎಚ್ಚರಿಕೆ! ಓಟಿಪಿ ಅಸಲಿ, ಪುಟ ನಕಲಿ. ನಾನು ಇಲ್ಲಿ ಹಾಕಿದ್ದನ್ನು ಅವರು ಅಸಲಿ ಪುಟದಲ್ಲಿ ಹಾಕಿ ಒಳಗೆ ಹೋಗಿದ್ದರು. ತಕ್ಷಣ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿದೆ. ರಿಕವರಿ ನಂಬರ್ ಬದಲಾಗಿದೆಯೇ, ಮೇಲ್ ಬೇರೆಯವರಿಗೆ ಫಾರ್ವರ್ಡ್ ಆಗುತ್ತಿದೆಯೇ ಎಂದೂ ನೋಡಿದೆ. ಸದ್ಯ, ಏನೂ ಆಗಿರಲಿಲ್ಲ.

"ಊರಿಗೆಲ್ಲ ಹೇಳ್ತಿದ್ದೆ, ನೀನೇ ಕೊಟ್ಟ್ಯಲ್ಲೋ" ಎಂದರು ಅಪ್ಪ.

ಮೊದಲು ಎಸ್ಸೆಮ್ಮೆಸ್ ಓಟಿಪಿಯ ಬದಲಿಗೆ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡೆ. 30 ಸೆಕೆಂಡಿಗೊಮ್ಮೆ ಹೊಸ ಆರಂಕಿ ತೋರಿಸುತ್ತದೆ. ಆ ಅಂಕಿ ಫೋನಿನೊಳಗೇ ಹುಟ್ಟುವುದರಿಂದ ನೆಟ್‌ವರ್ಕ್ ಬೇಡ, ಯಾರೋ ಡುಪ್ಲಿಕೇಟ್ ಸಿಮ್ ಮಾಡಿಸಿದರೂ ಅವರಿಗೆ ಸಿಗುವುದಿಲ್ಲ. ಒಂದು ಹಳೇ ಫೋನಿನಲ್ಲಿ ಮಾತ್ರ ಅಂಕಿ ಸರಿಹೋಗುತ್ತಲೇ ಇರಲಿಲ್ಲ. ಅಂಕಿ ಹುಟ್ಟುವುದು ಗಡಿಯಾರದ ಲೆಕ್ಕದಲ್ಲಿ, ನೋಡಿದರೆ ಅದರ ಗಡಿಯಾರ ಹಿಂದೆ ಇತ್ತು! ಎಲ್ಲ ಸರಿ, ಆದರೆ ನಕಲಿ ಪುಟ ಕೇಳಿದ್ದರೆ ಈ ಆರಂಕಿಯನ್ನೂ ನಾನು ಹಾಕುತ್ತಿದ್ದೆ, ಅಲ್ವಾ?

ಹಾಗಾಗಿ ಪಾಸ್‌ಕೀಗೆ ಬಂದೆ, ಅಂದರೆ ಪಾಸ್‌ವರ್ಡ್, ಓಟಿಪಿ ಟೈಪ್ ಮಾಡದೆ ಫೋನಿನ ಬೆರಳಚ್ಚು ಇಲ್ಲವೇ ಪಿನ್‌ನಿಂದಲೇ ಲಾಗಿನ್ ಆಗುವುದು. 2023ರ ಮೇ ತಿಂಗಳಿನಿಂದಲೇ ಗೂಗಲ್ ಖಾತೆಗಳಿಗೆ ಇದು ಇತ್ತು, ನಾನೇ ತಿರುಗಿ ನೋಡಿರಲಿಲ್ಲ. ಇದರಲ್ಲಿ ಎರಡು ಡಿಜಿಟಲ್ ಕೀಲಿಗಳ ಜೋಡಿ ಇರುತ್ತದೆ. ಗುಟ್ಟಿನದು ನಮ್ಮ ಬಳಿ ಉಳಿಯುತ್ತದೆ, ಇನ್ನೊಂದು ಗೂಗಲ್ ಬಳಿ. ಬೆರಳಚ್ಚು ಎಲ್ಲಿಗೂ ಹೋಗುವುದಿಲ್ಲ, ಫೋನಿನಲ್ಲಿ ಕೀಲಿ ತೆಗೆಯಲಿಕ್ಕಷ್ಟೇ. ಕೀಲಿ ಆ ವೆಬ್‌ಸೈಟಿನ ವಿಳಾಸಕ್ಕೆ ಕಟ್ಟಿಹಾಕಿದ್ದು. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಅದು ಹೊರಗೆ ಬರುವುದಿಲ್ಲ. ನಾನು ಪೆದ್ದನ ಹಾಗೆ ಕೊಡಲು ಕೂತರೂ ಕೊಡಲಾಗದು. ನನ್ನಂಥವನಿಗೆ ಬೇಕಿದ್ದದ್ದು ಇದೇ.

ಆಫೀಸಿನ ಕಂಪ್ಯೂಟರಿನಲ್ಲಿ ಲಾಗಿನ್ ಆಗಲು ಪರದೆಯ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಬೇಕು. ಎರಡರಲ್ಲೂ ಬ್ಲೂಟೂತ್ ಆನ್ ಇರಬೇಕು, ಫೋನ್ ಪಕ್ಕದಲ್ಲೇ ಇದೆ ಎಂದು ಗೊತ್ತಾಗುವುದು ಅದರಿಂದಲೇ. ಇದು ತಿಳಿಯದೆ ಸುಮ್ನೆ ಅರ್ಧ ಗಂಟೆ ಹಾಳುಮಾಡಿಕೊಂಡೆ.

ಪಾಸ್‌ಕೀ ಬಂತೆಂದು ಪಾಸ್‌ವರ್ಡ್ ಹೋಗುವುದಿಲ್ಲ. ಹಳೇ ದಾರಿ ಹಾಗೇ ಇರುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟರೆ ಏನು ಬಂತು? ಎಸ್ಸೆಮ್ಮೆಸ್ ಓಟಿಪಿಯನ್ನು ತೆಗೆದುಹಾಕಿದೆ. ಅಥೆಂಟಿಕೇಟರನ್ನು ಮಾತ್ರ ಆಪತ್ತಿಗೆಂದು ಉಳಿಸಿಕೊಂಡೆ. ಈಗ ಯಾವುದಾದರೂ ಪುಟ ಪಾಸ್‌ಕೀ ಬಿಟ್ಟು ಅಂಕಿ ಕೇಳಿದರೆ ಮೊದಲು ವಿಳಾಸ ನೋಡುತ್ತೇನೆ.

ಆಗಸ್ಟ್‌ನಲ್ಲಿ ಊರಿಗೆ ಹೋದಾಗ ಕಾಲು ತೊಳೆಯಲು ಬಗ್ಗಿದ್ದೇ, ಜೇಬಿನ ಫೋನ್ ವಿ.ಸಿ. ನಾಲೆ ಪಾಲಾಯಿತು. ಇಂಥ ಹೊತ್ತಿಗೆ ಲಾಗಿನ್ ಆಗಲೆಂದು ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಎಂಟೆಂಟು ಅಂಕಿ, ಒಂದೊಂದೂ ಒಂದೇ ಸಲಕ್ಕೆ. ಬುದ್ಧಿವಂತನಾದ ನಾನು ಅವನ್ನು ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿ ಇಟ್ಟಿದ್ದೆ! ಪುಣ್ಯಕ್ಕೆ ನನ್ನ ಹೆಂಡತಿ ಒಂದು ಪ್ರಿಂಟ್ ತೆಗೆದು ಎಲ್‌ಐಸಿ ಬಾಂಡ್ ಜೊತೆ ಬೀರುವಿನಲ್ಲಿ ಇಟ್ಟಿದ್ದಳು. ಆ ಕೋಡಿನಿಂದ ಹೊಸ ಫೋನಿನಲ್ಲಿ ಒಳಗೆ ಹೋದೆ. ಪಾಸ್‌ಕೀಗಳ ಬೀಗ ಹಾಕಿದ ಪ್ರತಿ ಗೂಗಲ್ ಖಾತೆಯಲ್ಲಿತ್ತು, ಹಳೇ ಫೋನಿನ ಸ್ಕ್ರೀನ್ ಲಾಕ್ ಪಿನ್ ಹಾಕಿದ ಮೇಲೆ ಅವೂ ಬಂದವು.

ಬ್ಯಾಂಕಿನದಕ್ಕೆ ನನಗೆ ಇನ್ನೂ ಎಸ್ಸೆಮ್ಮೆಸ್ಸೇ ಬರುತ್ತದೆ. ಕಳುವಾದ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಓಟಿಪಿ ಓದದಿರಲಿ ಎಂದು ಸಿಮ್‌ಗೂ ಪಿನ್ ಇಟ್ಟೆ. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್ಮಿನ ಬೀಗ ತೆಗೆಯುವ ಬೇರೆ ಕೋಡ್ ಕೇಳುತ್ತದೆ, ಹುಷಾರು.

ಅಪ್ಪನ ಫೋನಿಗೂ ಪಾಸ್‌ಕೀ ಹಾಕಿದ್ದೇನೆ. ಕಬ್ಬು ಕಡಿದ ಕೈ, ಬೆರಳಚ್ಚು ಸವೆದಿದೆ, ಫೋನ್ ಅದನ್ನು ಗುರುತು ಹಿಡಿಯುವುದೇ ಇಲ್ಲ. ಪಿನ್‌ನಲ್ಲೂ ತೆರೆಯುತ್ತದೆ, ಆದರೆ ಪಿನ್ ತಾವು ಹುಟ್ಟಿದ ವರ್ಷವೇ ಆಗಬೇಕಂತೆ. ಆ ಜಗಳ ಇನ್ನೂ ನಡೆಯುತ್ತಿದೆ.